ಅಂದಾಜು ಮತ್ತು ಸತ್ಯ



ತಿಳಿಯದುದನ್ನು ತಿಳಿದವರಂತೆ ಹೇಳುವುದು ಅಸತ್ಯವೆಂಬುದನ್ನು ಎಲ್ಲರೂ ಒಪ್ಪುತ್ತೇವೆ. ಆದರೆ ಅಂತಹ ಮಾತನ್ನೇ ಬಯಸಿ ಕೇಳಿದವನಿಗೆ ಆ ಅಸತ್ಯದಲ್ಲಿ ಪಾಲಿಲ್ಲವೇ? ಈ ಪ್ರಶ್ನೆಯು ಯಾವ ಶಾಸ್ತ್ರಗ್ರಂಥದಿಂದಲೂ ಅಲ್ಲ, ಒಂದು ಹಳೆಯ ಮೋಟಾರು ಕಾರಿನಿಂದ ನಮ್ಮೆದುರಿಗೆ ಬಂದಿತು.

ನಮಗೆ ಪರಿಚಿತರಾದ ನಿವೃತ್ತ ಉಪಾಧ್ಯಾಯರೊಬ್ಬರು ತಮ್ಮ ತಂದೆಯವರ ಅಂಬಾಸಿಡರ್ ಕಾರನ್ನು ಅಕ್ಕರೆಯಿಂದ ಉಳಿಸಿಕೊಂಡು ಬಂದವರು. 2014ರಲ್ಲಿ ಆ ಕಾರಿನ ತಯಾರಿಕೆಯೇ ನಿಂತುಹೋಯಿತು. ಎಂಜಿನ್ ಆಯಿಲ್ ಕಡಮೆಯಾಗುತ್ತ ನೀಲಿ ಹೊಗೆ ಬರತೊಡಗಿದಾಗ ಅವರು ಇಬ್ಬರು ಮೆಕ್ಯಾನಿಕರನ್ನು ವಿಚಾರಿಸಿದರು. "ಬಿಚ್ಚಿ ನೋಡದೆ ಹೇಳಲಾಗದು, 60ರಿಂದ 90 ಸಾವಿರದವರೆಗೆ ಆಗಬಹುದು" ಎಂದನು ಒಬ್ಬನು. ಇನ್ನೊಬ್ಬನು ಬಾನೆಟ್ ಎತ್ತಿ ನೋಡಿ "40 ಸಾವಿರ" ಎಂದನು. ಕೆಲಸ ಅವನಿಗೇ ದೊರೆಯಿತು. ಬಿಚ್ಚಿದ ಮೇಲೆ ಸಿಲಿಂಡರುಗಳು ಸವೆದಿರುವುದೂ ಕ್ರ್ಯಾಂಕ್‌ಶಾಫ್ಟನ್ನು ಗ್ರೈಂಡ್ ಮಾಡಿಸಬೇಕೆಂಬುದೂ ಕಂಡುಬಂದು, ವೆಚ್ಚವು 85 ಸಾವಿರಕ್ಕೇರಿತು.

"ಮೋಸ ಹೋದೆ, ಬುದ್ಧಿ" ಎಂದು ಅವರು ನೊಂದುಕೊಂಡರು.

"ಮೇಷ್ಟ್ರೇ, ಮೊದಲನೆಯವನ ಮಾತು ನಿಮಗೆ ಸುಳ್ಳೆನಿಸಿತ್ತೇ, ಇಲ್ಲವೆ ಅಪ್ರಿಯವೆನಿಸಿತ್ತೇ?" ಎಂದು ಕೇಳಿದೆವು.

ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ರಿಯವೆನಿಸಿತ್ತು" ಎಂದರು.

ಅಂದಾಜೆಂಬುದು ಭವಿಷ್ಯವಾಣಿಯಲ್ಲ. ನೀಲಿ ಹೊಗೆಗೆ ವಾಲ್ವ್ ಸೀಲಿನ ಸಣ್ಣ ದೋಷವೂ ಕಾರಣವಾಗಬಹುದು, ಪಿಸ್ಟನ್ ರಿಂಗುಗಳ ದೊಡ್ಡ ಸವೆತವೂ ಕಾರಣವಾಗಬಹುದು. ಸಿಲಿಂಡರಿನ ಒತ್ತಡವನ್ನು ಅಳೆದು, ಒಳಗೆ ತುಸು ಎಣ್ಣೆ ಬಿಟ್ಟು ಮತ್ತೆ ಅಳೆದಾಗ ಒತ್ತಡ ಏರಿದರೆ ದೋಷವು ರಿಂಗುಗಳಲ್ಲಿ ಅಥವಾ ಸಿಲಿಂಡರಿನಲ್ಲಿ ಇದೆಯೆಂದು ಊಹಿಸಬಹುದು. ಆದರೆ ಸವೆತದ ಪ್ರಮಾಣ ಬಿಚ್ಚಿ ಅಳೆದಲ್ಲದೆ ತಿಳಿಯದು. ಆದುದರಿಂದ ಪ್ರಾಮಾಣಿಕನಾದ ಕೆಲಸಗಾರನು ಬಿಡಿಭಾಗ, ಕೂಲಿ, ಲೇಥ್ ಕೆಲಸ, ಗ್ಯಾಸ್ಕೆಟ್ ಮತ್ತು ಆಯಿಲ್ ಎಂದು ಬೇರೆಬೇರೆಯಾಗಿ ಬರೆದು, ಕಾಣದುದಕ್ಕೆಂದು ಒಂದು ಪಾಲನ್ನೂ ಸೇರಿಸಿ, "ಈ ಮಿತಿ ಮೀರಿದರೆ ನಿಲ್ಲಿಸಿ ನಿಮ್ಮನ್ನು ಕೇಳುವೆನು" ಎನ್ನುತ್ತಾನೆ. ಅವನ ಮಾತಿನಲ್ಲಿ ಅನಿಶ್ಚಯವಿದೆ. ಆ ಅನಿಶ್ಚಯವೇ ಅದರ ಸತ್ಯ.

ಇನ್ನು ಯಜಮಾನನ ಧರ್ಮವನ್ನು ನೋಡೋಣ. ಉಪಾಧ್ಯಾಯರು ಆಗಲೇ 25 ಸಾವಿರ ಕೊಟ್ಟಿದ್ದರು. "ಅಷ್ಟು ಹಾಕಿದ ಮೇಲೆ ಬಿಡುವುದೆಂತು?" ಎಂಬುದು ಅವರ ವಾದ. ಹೋದ ಹಣವು ಎರಡು ದಾರಿಯಲ್ಲಿಯೂ ಹಿಂದಿರುಗುವುದಿಲ್ಲ. ಅದನ್ನು ಲೆಕ್ಕದಿಂದ ಬಿಡಬೇಕು. ಉಳಿದ 60 ಸಾವಿರಕ್ಕೆ, ಇದ್ದ ಸ್ಥಿತಿಯಲ್ಲಿ ಕಾರನ್ನು ಮಾರಿದರೆ ಬರಬಹುದಾದ, 30 ಸಾವಿರವೆಂದಿಟ್ಟುಕೊಳ್ಳೋಣ, ಆ ಮೊತ್ತವನ್ನು ಕೂಡಿಸಬೇಕು. ಈ 90 ಸಾವಿರದಿಂದ ಕಾರು 5 ವರ್ಷ ಓಡಿದರೆ ವರ್ಷಕ್ಕೆ 18 ಸಾವಿರವಾಯಿತು. ಬೇರೆ ಕಾರು ಕೊಂಡರೆ ವರ್ಷಕ್ಕೆ ತಗಲುವ ವೆಚ್ಚದೊಡನೆ ಇದನ್ನು ತೂಗಿ ನೋಡಬೇಕು. ಎರಡರ ಇಂಧನ, ವಿಮೆಗಳನ್ನೂ ಮರೆಯಬಾರದು. ಹಳೆಯದೆಂಬುದಷ್ಟೇ ದೋಷವಲ್ಲ; ನಮ್ಮ ರಾಜ್ಯದಲ್ಲಿ ಖಾಸಗಿ ಕಾರಿನ ನೋಂದಣಿಯು 15 ವರ್ಷಗಳ ಬಳಿಕವೂ, ತಪಾಸಣೆಯಲ್ಲಿ ಯೋಗ್ಯವೆನಿಸಿದರೆ, ನವೀಕರಣಗೊಳ್ಳುತ್ತದೆ.

ತಂದೆಯ ನೆನಪಿಗಾಗಿ ಹೆಚ್ಚು ವೆಚ್ಚ ಮಾಡುವುದು ತಪ್ಪೇ? ತಪ್ಪಲ್ಲ. ಆದರೆ ಪ್ರೀತಿಯ ವೆಚ್ಚವನ್ನು ಪ್ರೀತಿಯೆಂದೇ ಬರೆದುಕೊಳ್ಳಬೇಕು, ಉಳಿತಾಯವೆಂದು ಬರೆಯಬಾರದು. ಬ್ರೇಕು, ಸ್ಟಿಯರಿಂಗುಗಳ ರಿಪೇರಿಯಲ್ಲಂತೂ ಕೈಬಿಗಿ ಹಿಡಿಯುವ ಹಕ್ಕು ನಮಗಿಲ್ಲ. ಏಕೆಂದರೆ ಅಲ್ಲಿ ಪಣಕ್ಕಿಡುವುದು ದಾರಿಹೋಕರ ಪ್ರಾಣವನ್ನೂ ಕೂಡ. ಮಾರುವುದಾದರೆ, ದೋಷವನ್ನು ಬಣ್ಣದಡಿ ಮುಚ್ಚದೆ ಕೊಳ್ಳುವವನಿಗೆ ತಿಳಿಸಬೇಕು. ನಮಗಾದ ನಷ್ಟವನ್ನು ಇನ್ನೊಬ್ಬರ ಮನೆಗೆ ದಾಟಿಸುವುದು ವ್ಯಾಪಾರವಲ್ಲ.

ಉಪಾಧ್ಯಾಯರು ಲೆಕ್ಕ ಹಾಕಿ ರಿಪೇರಿಯನ್ನು ಮುಗಿಸಿದರು. ಹಣ ಕೊಡುವಾಗ ಆ ಮೆಕ್ಯಾನಿಕನಿಗೆ, "ನೀನು ನಿಜ ಹೇಳಲಿಲ್ಲ, ನಾನೂ ನಿಜ ಕೇಳಲಿಲ್ಲ" ಎಂದರಂತೆ.

ವಾಚಕರೇ, ಅಂದಾಜು ಕೇಳಲು ಹೋಗುವ ಮುನ್ನ ನಮ್ಮನ್ನು ನಾವೇ ಒಮ್ಮೆ ಕೇಳಿಕೊಳ್ಳೋಣ: ನಮಗೆ ಬೇಕಾದುದು ಸತ್ಯವೇ, ಸಮಾಧಾನವೇ? ಸತ್ಯ ಹೇಳಿದವನಿಗೆ ಕೆಲಸ ತಪ್ಪುವ ಊರಿನಲ್ಲಿ ಸತ್ಯವಂತರು ಹೇಗೆ ಉಳಿದಾರು?