ಪಟ್ಟಿ ಸೇರಿದ ಆನೆಯ ಯೋಗ್ಯತೆ

ಮೈಸೂರು ದಸರೆ ಇನ್ನೂ ದೂರವಿರುವಾಗಲೇ, ಮೆರವಣಿಗೆಯ ಆನೆಗಳನ್ನು ಆರಿಸಲು, ಕುಶಾಲನಗರದ ಬಳಿಯ ದುಬಾರೆ ಶಿಬಿರಕ್ಕೆ ಅರಣ್ಯಾಧಿಕಾರಿಗಳೂ ಪಶುವೈದ್ಯರೂ ಬಂದಿಳಿಯುತ್ತಾರೆ. ಕಾವೇರಿಯಲ್ಲಿ ಮೈ ತೊಳೆಸಿಕೊಂಡು ನಿಂತ ಆನೆಗಳನ್ನು ಸುತ್ತುಹಾಕಿ ನೋಡುತ್ತಾರೆ. ಬೆನ್ನು ಸಮವಾಗಿದೆಯೇ, ಮದ ಇಳಿದಿದೆಯೇ, ಗದ್ದಲಕ್ಕೆ ಬೆದರುತ್ತದೆಯೇ, ವಯಸ್ಸು ಅರವತ್ತು ದಾಟಿತೇ? ಮತ್ತಿಗೋಡು, ಭೀಮನಕಟ್ಟೆ ಮುಂತಾದ ಶಿಬಿರಗಳಲ್ಲೂ ಇದೇ ತಪಾಸಣೆ. ಪಟ್ಟಿ ಹೊರಬಿದ್ದರೆ ಸಾಕು, ಪತ್ರಿಕೆಗಳ ತುಂಬ ಆನೆಗಳ ಜಾತಕ. ಅಮೆರಿಕದಲ್ಲೂ ಕಾಲೇಜು ಫುಟ್‌ಬಾಲ್ ಶುರುವಾಗುವ ಮೊದಲೇ, ಒಂದು ಚೆಂಡೂ ಎಸೆಯದಿರುವಾಗ, ಶ್ರೇಷ್ಠ ಆಟಗಾರನಿಗೆ ಕೊಡುವ ಮ್ಯಾಕ್ಸ್‌ವೆಲ್ ಪ್ರಶಸ್ತಿಗೆ ಅರ್ಹರಾಗಬಲ್ಲವರ ಪಟ್ಟಿ ಬರುತ್ತದೆ. ಅಲ್ಲಿ ಆಟಗಾರನಿಗೆ ಆಸೆಯಾದರೂ ಇರುತ್ತದೆ.

ಕೆಲಸಕ್ಕೆ ಮೊದಲೇ ಯೋಗ್ಯತೆಯನ್ನು ಅಳೆಯಬಹುದೇ? ಕನ್ನಡ ನಾಡಿಗೆ ಇದು ಹಳೆಯ ಜಗಳ. ಹದಿಮೂರನೇ ಶತಮಾನದ ಮಧ್ವಾಚಾರ್ಯರ ಪ್ರಕಾರ ಜೀವದ ಯೋಗ್ಯತೆ ಅನಾದಿ. ಮುಕ್ತಿಗೆ ಅರ್ಹರು, ಸಂಸಾರದಲ್ಲೇ ಸುತ್ತುವವರು, ತಮಸ್ಸಿಗೆ ಇಳಿಯುವವರು ಎಂದು ಜೀವಗಳಲ್ಲೇ ಭೇದ. ಸಾಧನೆ ಒಳಗಿದ್ದುದನ್ನು ಹೊರಗೆ ತರುತ್ತದೆ, ಅಷ್ಟೆ. ಜಗನ್ನಾಥದಾಸರ ‘ಹರಿಕಥಾಮೃತಸಾರ’ ಈ ತಾರತಮ್ಯವನ್ನು ಕನ್ನಡದ ಮನೆಮನೆಗೆ ಮುಟ್ಟಿಸಿತು. ಮಧ್ವರಿಗೂ ಒಂದು ಶತಮಾನ ಮುಂಚೆ ಕಲ್ಯಾಣದ ಶರಣರು ಇದಕ್ಕೆ ತದ್ವಿರುದ್ಧವಾದ ಮಾತು ಆಡಿದ್ದರು: ಹುಟ್ಟಿನಿಂದ ಏನೂ ತೀರ್ಮಾನವಾಗದು, ದೀಕ್ಷೆ ಮತ್ತು ಕಾಯಕ ಮನುಷ್ಯನನ್ನು ಬೇರೆಯೇ ಮಾಡುತ್ತವೆ.

ದುಬಾರೆಯನ್ನು ನೋಡಿದರೆ ಮೊದಲಿಗೆ ಶರಣರ ಪಕ್ಷವೇ ಗೆದ್ದಂತೆ ಕಾಣುತ್ತದೆ. ಇಲ್ಲಿಯ ಆನೆಗಳಾದ ಧನಂಜಯ, ಕಂಜನ್ ಇಬ್ಬರೂ ಹಾಸನ ಜಿಲ್ಲೆಯ ಯಸಳೂರು ಕಾಡಿನಲ್ಲಿ ಸೆರೆಸಿಕ್ಕವರು, ಒಬ್ಬ 2013ರಲ್ಲಿ, ಇನ್ನೊಬ್ಬ 2014ರಲ್ಲಿ. ಹೀಗೆ ಹಿಡಿದು ತಂದ ಆನೆಯನ್ನು ದಪ್ಪ ದಿಮ್ಮಿಗಳ ಕ್ರಾಲ್‌ಗೆ ನೂಕುತ್ತಾರೆ. ಮಾವುತ ಮೊದಮೊದಲು ದಿಮ್ಮಿಗಳ ಆಚೆಗೇ ನಿಂತು ಕಬ್ಬು, ಬೆಲ್ಲ ಚಾಚುತ್ತಾನೆ. ಸೊಂಡಿಲು ಒಮ್ಮೆ ತಿನಿಸಿಗೆ, ಒಮ್ಮೆ ಕೈಗೇ ಬೀಸುತ್ತದೆ. ತಿಂಗಳುಗಟ್ಟಲೆ ಇದೇ ನಡೆದು ಅವನ ಮಾತು ಆನೆಗೆ ತಿಳಿಯತೊಡಗುತ್ತದೆ. ಆಮೇಲೆ ಸರಪಳಿ, ಸ್ನಾನ, ರಾಗಿಮುದ್ದೆ. ಮೈಸೂರಿಗೆ ಆಯ್ಕೆಯಾದರೆ ಮರಳುಮೂಟೆ ಹೊರುವ ತಾಲೀಮು, ಕುಶಾಲತೋಪಿನ ಸದ್ದು ಕೇಳಿಸಿ ಧೈರ್ಯದ ಪರೀಕ್ಷೆ. ಚಾಮುಂಡೇಶ್ವರಿಯ ಮೆರವಣಿಗೆಗೆ ಬೇಕಾದ ಮುಖ್ಯ ಅರ್ಹತೆ, ಫಿರಂಗಿಗೆ ಬೆಚ್ಚಬಾರದು!

ಆದರೆ 2024ರ ಸೆಪ್ಟೆಂಬರಿನ ಒಂದು ರಾತ್ರಿ, ಅರಮನೆ ಅಂಗಳದಲ್ಲಿ, ಅದೇ ಧನಂಜಯನೂ ಕಂಜನ್ನನೂ ಊಟದ ಹೊತ್ತಿಗೆ ಕಾದಾಡಿ, ಒಬ್ಬನನ್ನೊಬ್ಬ ಅಟ್ಟಿಕೊಂಡು ಗೇಟು ದಾಟಿ ಬೀದಿಗೇ ಬಂದರು. ಮಾಧ್ವರು ಮುಗುಳ್ನಗಬಹುದಾದ ಗಳಿಗೆ. 2022ರಲ್ಲಂತೂ ಪಟ್ಟಿಯಲ್ಲಿದ್ದ ಲಕ್ಷ್ಮಿ ಅರಮನೆ ಆವರಣದಲ್ಲೇ ಗಂಡುಮರಿ ಹಾಕಿತು. ಮರಿಗೆ ದತ್ತಾತ್ರೇಯ ಎಂದು ಹೆಸರಿಟ್ಟರು. ಅಷ್ಟು ದೊಡ್ಡ ಸಂಗತಿಯೇ ಪಟ್ಟಿ ಮಾಡಿದವರ ಕಣ್ಣಿಗೆ ಬಿದ್ದಿರಲಿಲ್ಲ.

ಅರ್ಜುನನೆಂಬ ಆನೆಯ ಕಥೆ ಇನ್ನೂ ಕಹಿ. 2012ರಿಂದ 2019ರವರೆಗೆ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತವನು. ಅರವತ್ತಾಯಿತೆಂದು ಅಂಬಾರಿ ಇಳಿಸಿದರು. 2020ರಿಂದ ಅದು ಅಭಿಮನ್ಯು ಎಂಬ ಇನ್ನೊಂದು ಆನೆಯ ಪಾಲಾಯಿತು. ಭಾರ ಹೊರಲು ಮುದಿಯಾದವನು ಕಾಡಾನೆಯೊಡನೆ ಸೆಣಸಲು ಮಾತ್ರ ಮುದಿಯಾಗಿರಲಿಲ್ಲವೇನೋ! 2023ರ ಡಿಸೆಂಬರ್ 4ರಂದು ಅದೇ ಯಸಳೂರಿನಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯ ನಡುವೆ ಒಂಟಿಸಲಗದ ತಿವಿತಕ್ಕೆ ಸತ್ತ. ಅಧಿಕಾರಿಗಳ ಅಳತೆಗೋಲು ಆನೆಯ ಸ್ವಭಾವಕ್ಕಿಂತ ನಮ್ಮ ಅಗತ್ಯವನ್ನೇ ಹೆಚ್ಚು ಅಳೆಯುತ್ತದೆ ಎಂಬ ಅನುಮಾನ ಇಲ್ಲಿ ಗಟ್ಟಿಯಾಗುತ್ತದೆ. ಫಲದ ಆಸೆಯಿಲ್ಲದೆ ಕರ್ಮ ಮಾಡಬೇಕೆಂಬ ಗೀತೆಯ ಮಾತಿಗೆ ದಸರಾ ಆನೆಯನ್ನು ನಿದರ್ಶನವಾಗಿ ತೋರಿಸುವುದು ಸುಲಭ. ಆದರೆ ಬಿಡಬಲ್ಲವನು ಆಸೆ ಬಿಟ್ಟರೆ ಅದು ನಿಷ್ಕಾಮ. ಬೇಡ ಎನ್ನಲಾಗದವನ ದುಡಿಮೆಗೆ ಆ ಹೆಸರು ಸಲ್ಲದು.

ಬೇಡ ಎಂದವನೊಬ್ಬ ದುಬಾರೆಯಲ್ಲೇ ಇದ್ದ. ಶಿಬಿರ ಬಿಟ್ಟು ಕಾಡು ಸೇರಿದ ಕುಶನನ್ನು 2021ರಲ್ಲಿ ಮತ್ತೆ ಹಿಡಿದು ಕ್ರಾಲ್‌ನಲ್ಲಿಟ್ಟರು. ಪ್ರಾಣಿಪ್ರಿಯರು ಆಕ್ಷೇಪವೆತ್ತಿದರು, ಸರ್ಕಾರ ಮಣಿಯಿತು. ಕೊರಳಿಗೆ ರೇಡಿಯೋ ಕಾಲರ್ ಕಟ್ಟಿ ಬಂಡೀಪುರದಲ್ಲಿ ಬಿಟ್ಟರು. ಮೂಲಸ್ವಭಾವ ಹೊರಬಂತೆಂದು ಒಂದು ಪಕ್ಷ ಹೇಳಬಹುದು, ಆನೆ ತಾನೇ ದಾರಿ ಆರಿಸಿತೆಂದು ಇನ್ನೊಂದು. ಆದರೆ ಆ ಬಿಡುಗಡೆಗೂ ಬೇಕಾದದ್ದು ಸರ್ಕಾರಿ ಆದೇಶವೇ. ಅದೇ ವರ್ಷದ ದಸರಾ ಪಟ್ಟಿಯಲ್ಲಿ ದುಬಾರೆಯಿಂದ ವಿಕ್ರಮ, ಧನಂಜಯ, ಕಾವೇರಿ ಇದ್ದರು.