ಒಂದು ನಿಮಿಷದ ಸೂರ್ಯಾಸ್ತ

ಕಾಲವನ್ನು ಕುಗ್ಗಿಸಿ ತೋರಿಸುವುದು ಸುಳ್ಳು ಹೇಳಿದಂತಾಗುವುದೇ? ಸೂರ್ಯಾಸ್ತದ ಓಡುವ ಚಿತ್ರಗಳನ್ನು ನೋಡಿದಾಗ ಈ ಪ್ರಶ್ನೆ ಏಳುತ್ತದೆ. ವಿಡಿಯೋ ಕ್ಯಾಮರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಅಲುಗದಂತೆ ನಿಲ್ಲಿಸಿ, ಐದು ಸೆಕೆಂಡಿಗೊಂದರಂತೆ ಪಡುವಣ ಬಾನಿನ ಚಿತ್ರ ತೆಗೆಯುತ್ತಾರೆ. ಎರಡು ಗಂಟೆಗಳಲ್ಲಿ 1,440 ಚಿತ್ರಗಳಾಗುತ್ತವೆ. ಅವನ್ನು ಸೆಕೆಂಡಿಗೆ 24ರಂತೆ ಓಡಿಸಿದರೆ ಸಂಜೆಯೆಲ್ಲವೂ ಒಂದು ನಿಮಿಷದಲ್ಲಿ ಮುಗಿಯುತ್ತದೆ. ಬಿಂಬವು ದಿಗಂತವನ್ನು ಮುಟ್ಟಿದ ಮೇಲೆ ಪೂರ್ತಿ ಮರೆಯಾಗಲು ನಮ್ಮ ಅಕ್ಷಾಂಶದಲ್ಲಿ ಎರಡು ನಿಮಿಷಕ್ಕಿಂತ ತುಸು ಹೆಚ್ಚು ಹಿಡಿಯುತ್ತದೆ. ಚಿತ್ರದಲ್ಲಿ ಅದಕ್ಕೆ ದೊರೆಯುವುದು ಸುಮಾರು ಒಂದು ಸೆಕೆಂಡು.

ಆದರೂ ಸುಳ್ಳೆಂಬ ಆಪಾದನೆ ನಿಲ್ಲಲಾರದು. ಸೂರ್ಯನು ಮುಳುಗುತ್ತಾನೆಂದು ಸಾಕ್ಷಿ ನುಡಿಯುವ ನಮ್ಮ ಕಣ್ಣೇನು ಸತ್ಯಸಂಧವೇ? ತಿರುಗುತ್ತಿರುವುದು ಭೂಮಿ. ಅಲ್ಲದೆ, ಕಣ್ಣಿಗೆ ನಿಲುಕದಷ್ಟು ನಿಧಾನವಾದುದನ್ನು ಕಾಣಿಸುವ ಶಕ್ತಿ ಈ ಉಪಾಯಕ್ಕಿದೆ. ದಾದಾಸಾಹೇಬ ಫಾಲ್ಕೆಯವರು 1913ರಲ್ಲಿ ‘ರಾಜಾ ಹರಿಶ್ಚಂದ್ರ’ವನ್ನು ತೆರೆಗೆ ತರುವ ಮೊದಲು, ಕುಂಡದಲ್ಲಿ ಬಟಾಣಿ ಬಿತ್ತಿ, ಅದು ಮೊಳೆತು ಬೆಳೆಯುವುದನ್ನು ದಿನದಿನವೂ ಚಿತ್ರಿಸಿ ಕಿರುಚಿತ್ರವೊಂದನ್ನು ಮಾಡಿದ್ದರು. ಬೀಜವು ಗಿಡವಾಗುವುದನ್ನು ಬರಿಗಣ್ಣಿನಿಂದ ಒಂದೇ ನೋಟದಲ್ಲಿ ಕಂಡವರಾರು?

ನಮ್ಮ ಹಿಂದೂಪುರ, ಕಲ್ಯಾಣದುರ್ಗಗಳ ಮುಂಗಾರಿನ ಸಂಜೆಯಲ್ಲಿಯೂ ಅಂಥದೊಂದು ಅಡಗಿದೆ. ಕೆಳಗಿನ ಮೋಡಗಳು ಪಡುವಣ ಗಾಳಿಯಲ್ಲಿ ಮೂಡಣಕ್ಕೆ ಸಾಗುತ್ತಿರುವಾಗ, ಬಹಳ ಎತ್ತರದ ತೆಳುಮೋಡಗಳು ಅನೇಕ ವೇಳೆ ಪಡುವಣಕ್ಕೆ ಹರಿಯುತ್ತವೆ. ಬರಿಗಣ್ಣಿಗೆ ಅವು ನಿಂತಂತೆಯೇ ತೋರುತ್ತವೆ. ಓಡುವ ಚಿತ್ರದಲ್ಲಾದರೋ ಒಂದರ ಮೇಲೊಂದು ಎದುರುಬದುರಾಗಿ ಬೀಸುವ ಎರಡು ಗಾಳಿಗಳು ಮಕ್ಕಳಿಗೂ ತಿಳಿಯುತ್ತವೆ. ಘಟ್ಟದ ಆಚೆಯೇ ಬಹುಪಾಲು ಮಳೆ ಸುರಿಸಿ ಬರುವ ಮೋಡಗಳನ್ನು ನಂಬಿ ಕಡಲೆಕಾಯಿ ಬಿತ್ತುವ ಸೀಮೆ ನಮ್ಮದು. ಇಲ್ಲಿನ ರೈತನು ಸಂಜೆಯ ಆಕಾಶವನ್ನು ಸೊಬಗಿಗಾಗಿ ನೋಡುವುದು ಕಡಿಮೆ.

ಆದರೆ ಸೂರ್ಯಾಸ್ತವು ಬಟಾಣಿ ಗಿಡದಂತಲ್ಲ. ತಾಳ್ಮೆಯಿಂದ ಕುಳಿತವರಿಗೆಲ್ಲ ಅದು ಕಾಣುತ್ತದೆ. ಚಿತ್ರ ತೆಗೆದವನು ಬಂಡೆಯ ಮೇಲೆ ಎರಡು ಗಂಟೆ ಕಾದಿದ್ದಾನೆ. ಕಲ್ಲಿನ ಬಿಸಿ ಆರುವುದು, ಮನೆಗೆ ಮರಳುವ ದನಗಳ ಗಂಟೆಯ ಸದ್ದು, ಇನ್ನೇನು ಕತ್ತಲಾಯಿತೆನ್ನುವಾಗ ಮೋಡದಂಚು ಮತ್ತೆ ಕೆಂಪೇರುವುದು, ಇವೆಲ್ಲ ಅವನ ಪಾಲಿಗೆ ಬಂದವು. ನೋಡುವವನಿಗೆ ಬಂದುದು ಒಂದು ನಿಮಿಷದ ಬಣ್ಣ. ಅನ್ಯರ ತಾಳ್ಮೆಯ ಫಲವನ್ನು ಉಣ್ಣುವುದು ತಪ್ಪಲ್ಲ. ಪುಸ್ತಕ ಓದುವಾಗ ನಾವೆಲ್ಲರೂ ಮಾಡುವುದು ಅದನ್ನೇ. ಆದರೆ ಅದೊಂದೇ ಊಟವಾದರೆ, ‘ಇನ್ನೂ ಮುಳುಗಲಿಲ್ಲವೇ?’ ಎಂದು ಮಗು ನಿಜವಾದ ಸೂರ್ಯನನ್ನೇ ದೂರತೊಡಗುತ್ತದೆ. ಉಪಾಧ್ಯಾಯರಿಗೆ ಈ ದೂರು ಚಿಕ್ಕದೆನಿಸದು. ಪಕ್ಕದಲ್ಲಿ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವ ಸಹಪಾಠಿ ಇದ್ದಾನೆ. ಮನೆಯಲ್ಲಿ ಒಂದು ಮಾತಿಗೆ ಮೂರು ಸಲ ನಿಲ್ಲುವ ಅಜ್ಜಿ ಇದ್ದಾಳೆ. ಅವರನ್ನು ಬೇಗ ಓಡಿಸಿ ನೋಡುವ ಯಂತ್ರ ಯಾವುದೂ ಇಲ್ಲ.

ಆದುದರಿಂದ ಇಂಥ ಚಿತ್ರವನ್ನು ಮಕ್ಕಳಿಗೆ ತೋರಿಸುವುದಕ್ಕಿಂತ ಅವರಿಂದಲೇ ತೆಗೆಸುವುದು ಮೇಲೆಂದು ನನ್ನ ಎಣಿಕೆ. ನಾಲ್ಕಾರು ಮಂದಿಯನ್ನು ಕ್ಯಾಮರಾದ ಬಳಿ ಕುಳ್ಳಿರಿಸಬಹುದು. (ಸೂರ್ಯನನ್ನು ನೇರವಾಗಿ ದಿಟ್ಟಿಸಗೊಡಬಾರದು, ಕಣ್ಣಿಗೆ ಅಪಾಯ.) ಯಂತ್ರವು ಐದು ಸೆಕೆಂಡಿಗೊಮ್ಮೆ ತನ್ನ ಕೆಲಸ ಮಾಡುತ್ತಿರಲಿ. ನಡುವಣ ಸೆಕೆಂಡುಗಳು ಅದಕ್ಕೆ ಬೇಡವಾದವು. ಮಕ್ಕಳ ಪಾಲಿಗೆ ಉಳಿಯುತ್ತವೆ.