ಅದ್ಭುತ ಕಥೆ ಮತ್ತು ಧರ್ಮವಿವೇಕ

ಬೇತಾಳ, ಮಾಯಾವಿಗಳ ಕಥೆಗಳು ಬುದ್ಧಿಯನ್ನು ಬಾಲಿಶವಾಗಿಸುತ್ತವೆ ಎಂಬುದು ಆಧುನಿಕ ವಿಮರ್ಶಕರ ಆಕ್ಷೇಪ. 1954–55ರಲ್ಲಿ ಪ್ರಕಟವಾದ ಆಂಗ್ಲ ಲೇಖಕ ಟೋಲ್ಕಿನ್ನರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಎಂಬ ಕೃತಿಯನ್ನು ಅಮೆರಿಕದ ವಿಮರ್ಶಕ ಎಡ್ಮಂಡ್ ವಿಲ್ಸನ್ 1956ರಲ್ಲಿ ಹೀಗೆಯೇ ಹಳಿದರು. ಈ ಆಕ್ಷೇಪವು ಎಷ್ಟು ಯುಕ್ತವೆಂಬುದನ್ನು ಪರಾಮರ್ಶಿಸೋಣ.

ತೆಲುಗಿನಲ್ಲಿ 1947ರಲ್ಲಿಯೂ ಕನ್ನಡದಲ್ಲಿ 1949ರಲ್ಲಿಯೂ ಆರಂಭವಾದ 'ಚಂದಮಾಮ'ದ ಬೇತಾಳ ಕಥೆಗಳನ್ನು ಓದಿ ಬೆಳೆದವರು ಹೈದರಾಬಾದಿನ ನಮ್ಮ ಕುಟುಂಬಗಳಲ್ಲಿ ಅನೇಕರು. ಉತ್ತರ ಬಲ್ಲ ರಾಜನು ಮೌನ ವಹಿಸಿದರೆ ತಲೆ ಹೋಳಾಗುವುದು. ನುಡಿದರೆ ಹೊತ್ತು ತಂದ ಶವ ಮರಳಿ ಮರವೇರುವುದು. ಬಲ್ಲ ನ್ಯಾಯವನ್ನು ಬಚ್ಚಿಡುವುದೇ ಅಪರಾಧ, ಕಾರ್ಯ ಕೆಟ್ಟರೂ ಅದನ್ನು ನುಡಿಯಬೇಕು ಎಂಬುದಲ್ಲವೇ ಇಲ್ಲಿನ ನೀತಿ? ಬೇತಾಳನು ನಿಮಿತ್ತಮಾತ್ರ.

ಟೋಲ್ಕಿನ್ನರ ಕಥೆಯಲ್ಲಿ ದುಷ್ಟ ಉಂಗುರವನ್ನು ಅಗ್ನಿಗೆಸೆಯಲು ಹೊರಟ ಫ್ರೋಡೊ, ಕೊನೆಯ ಕ್ಷಣದಲ್ಲಿ ಅದು ತನ್ನದೇ ಎನ್ನುತ್ತಾನೆ. ಹಿಂದೆ ಅವನು ಕನಿಕರದಿಂದ ಕೊಲ್ಲದೆ ಬಿಟ್ಟ ಗೊಲ್ಲಮ್ ಅದನ್ನು ಕಸಿದುಕೊಂಡು ಅಗ್ನಿಗೆ ಬೀಳುವುದರಿಂದಲೇ ಲೋಕ ಉಳಿಯುತ್ತದೆ. ಸ್ವಸಾಮರ್ಥ್ಯ ಸೋತಲ್ಲಿ ದಯೆ ಫಲಿಸಿತು. ಜೀವನು ಅಸ್ವತಂತ್ರನೆಂದು ಶ್ರೀಮದಾಚಾರ್ಯರಿಂದ ತಿಳಿದವರಿಗೆ ಇದು ಬಾಲಿಶವಾಗಿ ತೋರಲಾರದು.

ಆದರೆ ಎರಡು ಮಾತು ಮರೆಯಲಾಗದು. ಬರಿಯ ಬೆರಗನ್ನಷ್ಟೇ ಉಣಿಸುವ ಕಥೆಗಳಿಗೆ ವಿಮರ್ಶಕರ ಆಕ್ಷೇಪ ಸಲ್ಲುತ್ತದೆ. ಇನ್ನು ಉತ್ತಮ ಕಥೆಯೂ ಪುರಾಣಕ್ಕೆ ಸಮವಲ್ಲ. ಪುರಾಣವು ನಮಗೆ ಪ್ರಮಾಣ, ಇದು ಕವಿಕಲ್ಪನೆ. ಈ ಭೇದವನ್ನು ಮಕ್ಕಳಿಗೆ ತಿಳಿಸುವ ಹೊಣೆ ಹಿರಿಯರದು. ಪುಸ್ತಕವನ್ನು ಕಸಿದುಕೊಳ್ಳುವುದಕ್ಕಿಂತ, ಓದಿ ಮುಗಿಸಿದ ಮಗುವಿಗೆ ಬೇತಾಳನ ಪ್ರಶ್ನೆಯನ್ನೇ ಕೇಳುವುದು ಲೇಸು: ಇವರಲ್ಲಿ ಧರ್ಮ ಯಾರ ಕಡೆಗಿದೆ, ಏಕೆ?